ಅಗ್ಗದ ಎತ್ತರ, ಯಾರ ಹೆಸರಿನ ಸಾಲ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ಹಳೆಯ ಜೀಪು ಇಟ್ಟುಕೊಂಡವನಿಗೆ ಒಂದಲ್ಲ ಒಂದು ದಿನ ಅದನ್ನು ನಾಲ್ಕು ಇಂಚು ಮೇಲೆತ್ತಿಸಬೇಕು ಅನ್ನಿಸದೆ ಇರುವುದಿಲ್ಲ. ಮಳೆ ಹಿಡಿದರೆ ಎರೆ ಹೊಲದ ದಾರಿ ಗಾಲಿಯನ್ನು ಅರ್ಧಕ್ಕರ್ಧ ನುಂಗುತ್ತದೆ. ಕಲ್ಲಿನ ಖಣಿಗಳ ಸುತ್ತ ಲಾರಿಗಳು ಓಡಾಡಿ ಕೊರೆದ ಜಾಡಿನಲ್ಲಿ ಇಳಿದರೆ ನಡುವಿನ ದಿಬ್ಬ ಗಾಡಿಯ ಹೊಟ್ಟೆಗೆ ತಾಗುತ್ತದೆ. ಕಂಪನಿಯ ಸಾಮಾನು ತರಿಸಿ ಹಾಕಿಸಲು ಕೈಯಲ್ಲಿ ಅಷ್ಟು ದುಡ್ಡಿಲ್ಲ. ಊರ ಮಿಸ್ತ್ರಿಯ ಮುಂದೆ ಗಾಡಿ ನಿಲ್ಲಿಸಿ, ಇದ್ದುದರಲ್ಲೇ ಏನಾದರೂ ಮಾಡಿಕೊಡು ಎನ್ನುವುದು ಆಗ ಸಹಜ. ಈ ಸಣ್ಣ ವ್ಯವಹಾರದ ಒಳಗೆ ಬಹಳ ಹಳೆಯ ಧರ್ಮಪ್ರಶ್ನೆಯೊಂದು ಕೂತಿದೆ. ಯಾರಿಗೂ ಕೇಡು ಬಯಸದೆ ಮಾಡಿದ ಕೆಲಸದಿಂದ ಕೇಡಾದರೆ ಆ ಪಾಪ ಯಾರದು? ಕೈಯಲ್ಲಿ ಕಾಸಿಲ್ಲ ಎಂಬ ಕಾರಣಕ್ಕೆ ಇನ್ನೊಬ್ಬರ ಜೀವದ ಮೇಲೆ ಅಪಾಯ ಹೇರುವ ಅಧಿಕಾರ ಮನುಷ್ಯನಿಗೆ ಬರುತ್ತದೆಯೇ? ಬಡತನ ಎಷ್ಟೋ ಕೊರತೆಗಳಿಗೆ ಸಮಾಧಾನ ಹೇಳೀತು, ತಿಳಿದೂ ತಿಳಿದೂ ಮಾಡುವ ಅಲಕ್ಷ್ಯಕ್ಕೆ ಹೇಳಲಾರದು ಎಂಬುದು ನನ್ನ ವಾದ. ಗಾಡಿಯನ್ನು ಅಗ್ಗದಲ್ಲಿ ಎತ್ತರಿಸಿ ಉಳಿಸಿಕೊಂಡ ದುಡ್ಡು ಬಹಳ ಸಲ ಉಳಿತಾಯವೇ ಅಲ್ಲ. ಅದು ಪಕ್ಕದ ಮನೆಯವನ ಹೆಸರಿನಲ್ಲಿ, ಅವನನ್ನು ಒಂದು ಮಾತೂ ಕೇಳದೆ ತೆಗೆದ ಸಾಲ.

ಅಗತ್ಯ ಸುಳ್ಳಲ್ಲ ಎಂಬುದನ್ನು ಮೊದಲು ಒಪ್ಪಬೇಕು. ಈ ಐದೂ ಊರುಗಳ ಬದುಕು ಸುಣ್ಣಕಲ್ಲಿನ ಹಾಸಿನ ಮೇಲೆ ನಿಂತಿದೆ. ಮನೆಮನೆಯ ನೆಲಕ್ಕೆ ಹಾಸುವ ಫರಸಿ ಕಲ್ಲು ದೇಶದ ತುಂಬ ಶಹಾಬಾದಿನ ಹೆಸರಲ್ಲೇ ಮಾರಾಟವಾಗುತ್ತದೆ. ವಾಡಿ, ಸೇಡಂ, ಮಳಖೇಡ, ಚಿತ್ತಾಪುರ, ಚಿಂಚೋಳಿ ಭಾಗದ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಇದೇ ಕಲ್ಲನ್ನು ನಂಬಿ. ಕಲ್ಲು, ಸಿಮೆಂಟು, ಬೂದಿ ಹೊತ್ತ ಭಾರದ ಗಾಡಿಗಳು ದಿನವಿಡೀ ಓಡಾಡುವಲ್ಲಿ ಹಳ್ಳಿಯ ಡಾಂಬರು ಬಹಳ ಕಾಲ ಬಾಳುವುದಿಲ್ಲ. ತೊಗರಿ ಬೆಳೆಯುವ ಎರೆ ಭೂಮಿ ಬೇಸಿಗೆಯಲ್ಲಿ ಬಾಯಿಬಿಟ್ಟು, ಮಳೆಗಾಲದಲ್ಲಿ ಅಂಟಾಗುತ್ತದೆ. ಚಿಂಚೋಳಿಯ ಕಡೆ ಹೋದರೆ 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಕಾಡು, ಕುಂಚಾವರದ ಏರಿಳಿತ, ತಾಂಡಾಗಳಿಗೆ ಹೋಗುವ ಕಲ್ಲುದಾರಿ. ಇಲ್ಲಿ ಗಾಡಿಗೆ ನೆಲದಿಂದ ಎತ್ತರ ಬೇಕು ಎಂದರೆ ಅದು ಶೋಕಿ ಎಂದು ತಳ್ಳಿಹಾಕುವುದು ಪಟ್ಟಣದವರ ಸೊಕ್ಕು. ಹಾಗೆಯೇ ಇದ್ದುದರಲ್ಲಿ ಮಾಡಿಕೊಳ್ಳುವುದೂ ಇಲ್ಲಿ ಅವಮಾನದ ಸಂಗತಿಯಲ್ಲ. ಲಾರಿಯಿಂದ ಕಳಚಿದ ಹಳೆ ಪಾಟಾ ಕಮ್ಮಾರನ ಕುಲುಮೆಯಲ್ಲಿ ಕೊಡಲಿಯಾಗುತ್ತದೆ, ಕುಡುಗೋಲಾಗುತ್ತದೆ. ಯಾವುದನ್ನೂ ಎಸೆಯದ ಈ ಬುದ್ಧಿ ಗೌರವಕ್ಕೆ ತಕ್ಕದ್ದು. ಹಾಗಾಗಿ ಪ್ರಶ್ನೆ ಅಗ್ಗದ ಬಗ್ಗೆ ಅಲ್ಲ, ಎತ್ತರದ ಬಗ್ಗೆಯೂ ಅಲ್ಲ. ಆ ಅಗ್ಗದ ಬೆಲೆಯನ್ನು ಕೊನೆಗೆ ಯಾರು ತೆರುತ್ತಾರೆ ಎಂಬುದರ ಬಗ್ಗೆ.

ಅದನ್ನು ತಿಳಿಯಲು ಗಾಡಿಯ ಕೆಳಗೆ ಬಗ್ಗಿ ನೋಡಬೇಕು. ಹಳೆ ಜೀಪಿನಲ್ಲಿ ಹಿಂದೆ ಮುಂದೆ ಎರಡೂ ಕಡೆ ಪಾಟಾಗಳ ಕಟ್ಟು ಇರುತ್ತದೆ: ಒಂದರ ಮೇಲೊಂದು ಕೂತ ಬಾಗಿದ ಉಕ್ಕಿನ ಪಟ್ಟಿಗಳು, ನಡುವೆ ತೂರಿದ ಸೆಂಟರ್ ಬೋಲ್ಟ್, ಕಟ್ಟನ್ನು ಗಾಲಿಗಳ ಅಚ್ಚಿನ ಹೌಸಿಂಗಿಗೆ ಬಿಗಿದ ಯೂ ಬೋಲ್ಟ್‌ಗಳು, ಒಂದು ತುದಿಯಲ್ಲಿ ತೂಗಾಡುವ ಶ್ಯಾಕಲ್. ಕಡಿಮೆ ದುಡ್ಡಿನಲ್ಲಿ ಎತ್ತರಿಸುವ ದಾರಿಗಳೆಲ್ಲ ಈ ನಾಲ್ಕೈದು ಸಾಮಾನುಗಳ ಸುತ್ತಲೇ. ಶ್ಯಾಕಲ್ ಉದ್ದ ಮಾಡಿಸಬಹುದು. ಎರಡು ಇಂಚು ಉದ್ದ ಮಾಡಿದರೆ ಗಾಡಿ ಏರುವುದು ಸುಮಾರು ಒಂದೇ ಇಂಚು. ಇನ್ನೊಂದು ಪಾಟಾ ಸೇರಿಸಬಹುದು; ಗಾಡಿ ಏರುತ್ತದೆ, ಜೊತೆಗೆ ಕಲ್ಲಿನಂತೆ ಬಿರುಸಾಗುತ್ತದೆ. ಪಾಟಾ ಮತ್ತು ಹೌಸಿಂಗಿನ ನಡುವೆ ಕಬ್ಬಿಣದ ದಿಮ್ಮಿ ಇಡಬಹುದು. ಹೌಸಿಂಗಿನ ಕೆಳಗಿದ್ದ ಪಾಟಾವನ್ನು ಅದರ ಮೇಲಕ್ಕೆ ಕೂರಿಸಿ ಒಮ್ಮೆಗೇ ಐದಾರು ಇಂಚು ಎತ್ತಿಬಿಡಬಹುದು. ಎಲ್ಲಕ್ಕಿಂತ ಅಗ್ಗದ ದಾರಿ, ಹಳೆ ಪಾಟಾವನ್ನು ಗ್ಯಾಸಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಹೆಚ್ಚು ಬಾಗಿಸುವುದು. ಪಾಟಾದ ಉಕ್ಕಿಗೆ ಅದರ ಗುಣ ಬಂದಿರುವುದು ಆಕಾರದಿಂದಲ್ಲ, ಹದದಿಂದ. ಕಾರ್ಖಾನೆಯಲ್ಲಿ ಅದನ್ನು ಸುಮಾರು 850 ಡಿಗ್ರಿಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ 400ರಿಂದ 500 ಡಿಗ್ರಿಯ ಆಸುಪಾಸಿನಲ್ಲಿ ಹದಗೊಳಿಸಿರುತ್ತಾರೆ. ಕುಲುಮೆಯ ಬಳಿ ಕಾಯಿಸಿ ಹಾಗೇ ಆರಲು ಬಿಟ್ಟರೆ ಪಟ್ಟಿ ಮೆತ್ತಗಾಗಿ ನಾಲ್ಕು ದಿನಕ್ಕೆ ಮತ್ತೆ ಕುಸಿಯುತ್ತದೆ; ನೀರಿಗೆ ಅದ್ದಿ ಅಷ್ಟಕ್ಕೇ ಬಿಟ್ಟರೆ ಗಾಜಿನ ಹಾಗೆ ಬಿರಿಯುತ್ತದೆ. ಎರಡೂ ಪಟ್ಟಿಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಗಾಡಿಯ ಮಾಲೀಕನಿಗೆ ಎತ್ತರ ಕಾಣುತ್ತದೆ, ಕಳೆದುಹೋದ ಹದ ಕಾಣುವುದಿಲ್ಲ.

ಎತ್ತರಿಸಿದ ಮೇಲೆ ಏನೇನು ಬದಲಾಗುತ್ತದೆ ಎಂಬ ಲೆಕ್ಕವನ್ನೂ ಹಾಕೋಣ. ಗಾಲಿಗಳ ನಡುವಿನ ಅಗಲ 1.4 ಮೀಟರ್, ಭಾರಕೇಂದ್ರ ನೆಲದಿಂದ 70 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಕಾಗದದ ಮೇಲಿನ ಲೆಕ್ಕದಲ್ಲಿ ಆ ಗಾಡಿ ಪಕ್ಕಕ್ಕೆ 45 ಡಿಗ್ರಿ ವಾಲುವವರೆಗೆ ಮಗುಚುವುದಿಲ್ಲ. ಬಾಡಿಯನ್ನು 10 ಸೆಂಟಿಮೀಟರ್ ಎತ್ತಿದಾಗ ಹೌಸಿಂಗು, ಗಾಲಿಗಳು ಇದ್ದಲ್ಲೇ ಇರುವುದರಿಂದ ಭಾರಕೇಂದ್ರ ಏರುವುದು ಸುಮಾರು 8 ಸೆಂಟಿಮೀಟರ್ ಎನ್ನೋಣ. ಆಗ ಆ ಮಿತಿ 42 ಡಿಗ್ರಿಗೆ ಇಳಿಯುತ್ತದೆ. ಮೂರೇ ಡಿಗ್ರಿ ತಾನೇ ಎಂದು ಕೇಳಬಹುದು. ಮೇಲೆ ತೊಗರಿ ಚೀಲ ಹೇರಿ, ಚೀಲದ ಮೇಲೆ ಇಬ್ಬರನ್ನು ಕೂರಿಸಿ ಭಾರಕೇಂದ್ರ 90 ಸೆಂಟಿಮೀಟರಿಗೆ ಬಂದರೆ ಮಿತಿ 38 ಡಿಗ್ರಿಗೆ ಬಂತು. ಪಾಟಾ, ಟಾಯರುಗಳು ಒಂದೇ ಮಗ್ಗುಲಿಗೆ ಅದುಮುವುದರಿಂದ ನಿಜವಾದ ದಾರಿಯಲ್ಲಿ ಗಾಡಿ ಇದಕ್ಕಿಂತ ಎಷ್ಟೋ ಮೊದಲೇ ಮಗುಚುತ್ತದೆ. ಆದರೂ ಒಂದೆರಡು ಇಂಚಿನ ಎತ್ತರ ತಾನೇ ಕೊಲ್ಲುವುದಿಲ್ಲ. ಕೊಲ್ಲುವುದು ಎತ್ತರದ ಜೊತೆಗೆ ಬದಲಾಗಬೇಕಾಗಿದ್ದು ಬದಲಾಗದೆ ಉಳಿದ ಸಾಮಾನುಗಳು. ಗಾಲಿ ತಗ್ಗಿಗೆ ಇಳಿದಾಗ ಹಳೆ ಉದ್ದದ ಬ್ರೇಕ್ ಹೋಸ್ ತಂತಿಯ ಹಾಗೆ ಬಿಗಿಯುತ್ತದೆ. ಶಾಫ್ಟಿನ ಕೋನ ಹೆಚ್ಚಾಗಿ ಅದರ ಕೀಲಿನ ಕ್ರಾಸುಗಳು ಬೇಗ ಸವೆಯುತ್ತವೆ. ಸ್ಟೀರಿಂಗಿನ ಕಡ್ಡಿ ಓರೆಯಾಗಿ, ಗುಂಡಿಗೆ ಬಿದ್ದಾಗಲೆಲ್ಲ ಗಾಡಿ ತಾನಾಗಿ ಪಕ್ಕಕ್ಕೆ ಎಳೆಯುತ್ತದೆ. ಹೆಡ್‌ಲೈಟಿನ ಬೆಳಕು ಮೇಲೆದ್ದು ಎದುರಿನ ಬೈಕಿನವನ ಕಣ್ಣಿಗೆ ಹೊಡೆಯುತ್ತದೆ. ಪಾಟಾ ಎತ್ತಿದರೆ ಬಾಡಿ ಏರುತ್ತದೆಯೇ ಹೊರತು ಹೌಸಿಂಗ್ ಏರುವುದಿಲ್ಲ. ಅದು ಏರಬೇಕಾದರೆ ಟಾಯರೇ ದೊಡ್ಡದಾಗಬೇಕು. ಕಲ್ಲಿಗೆ ಮೊದಲು ಬಡಿಯುವ ಡಿಫರೆನ್ಷಿಯಲ್ಲಿನ ಗುಂಡು ಎಷ್ಟು ಕೆಳಗಿತ್ತೋ ಅಷ್ಟೇ ಕೆಳಗಿರುತ್ತದೆ.

ಈಗ ಧರ್ಮದ ಪ್ರಶ್ನೆಗೆ ಬರಬಹುದು. ಮಾಲೀಕನಿಗೆ ಯಾರನ್ನೂ ಕೊಲ್ಲುವ ಮನಸ್ಸಿಲ್ಲ, ಮಿಸ್ತ್ರಿಗೂ ಇಲ್ಲ. ಮನಸ್ಸಿನಲ್ಲಿ ಕೇಡಿಲ್ಲದ ಮೇಲೆ ಪಾಪ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಎತ್ತಿ ವಾದ ಮಾಡಿದ ಎರಡು ಪರಂಪರೆಗಳ ನೆಲೆಗಳು ಇದೇ ಸೀಮೆಯಲ್ಲಿವೆ. ಚಿತ್ತಾಪುರ ತಾಲೂಕಿನ ಸನ್ನತಿ ಮತ್ತು ಕನಗನಹಳ್ಳಿಯಲ್ಲಿ ಭೀಮೆಯ ದಂಡೆಯ ಮೇಲೆ ಬೌದ್ಧರ ಮಹಾಸ್ತೂಪವಿತ್ತು. ಅದರ ಉಬ್ಬುಶಿಲ್ಪಗಳನ್ನು ಕೆತ್ತಿದ್ದು ಸುಣ್ಣಕಲ್ಲಿನ ಚಪ್ಪಡಿಗಳ ಮೇಲೆ. ಸೇಡಂ ತಾಲೂಕಿನ ಮಳಖೇಡ ಕಾಗಿಣಾ ದಂಡೆಯ ಮೇಲಿದ್ದ ರಾಷ್ಟ್ರಕೂಟರ ರಾಜಧಾನಿ, ಜಿನಸೇನಾಚಾರ್ಯರನ್ನು ಗುರುವೆಂದು ಕಂಡ ಅಮೋಘವರ್ಷ ನೃಪತುಂಗನ ಊರು, ಜೈನ ವಿದ್ಯೆಯ ದೊಡ್ಡ ಕೇಂದ್ರ. ಪಾಲಿ ಗ್ರಂಥಗಳ ಮಜ್ಝಿಮ ನಿಕಾಯದಲ್ಲಿ ಉಪಾಲಿ ಎಂಬ ಗೃಹಸ್ಥನ ಪ್ರಸಂಗ ಬರುತ್ತದೆ. ದೇಹದಿಂದಾಗುವ ಕರ್ಮವೇ ಹೆಚ್ಚು ಭಾರವಾದದ್ದು ಎಂಬುದು ಅಲ್ಲಿ ನಿರ್ಗ್ರಂಥರ, ಅಂದರೆ ಜೈನರ, ಪಕ್ಷ. ಮನಸ್ಸಿನ ಕರ್ಮವೇ ಭಾರವಾದದ್ದು ಎಂಬುದು ಬುದ್ಧನ ಪಕ್ಷ. ಮೇಲುನೋಟಕ್ಕೆ ಬೌದ್ಧ ವಾದ ನಮ್ಮ ಮಾಲೀಕನನ್ನು ಬಿಡುಗಡೆ ಮಾಡುತ್ತದೆ, ಜೈನ ವಾದ ಅವನನ್ನು ಹಿಡಿಯುತ್ತದೆ. ಎರಡನ್ನೂ ಸ್ವಲ್ಪ ಆಳಕ್ಕೆ ಇಳಿದು ನೋಡಿದರೆ ಹಾಗಾಗುವುದಿಲ್ಲ. ಎರಡು ದಾರಿಗಳೂ ಕೊನೆಗೆ ಒಂದೇ ಕಡೆ ಬಂದು ಸೇರುತ್ತವೆ.

ಜೈನ ಪಕ್ಷವನ್ನು ಬರೀ ದೇಹದ ಲೆಕ್ಕ ಎಂದು ಓದುವುದು ತಪ್ಪು. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರ ಹಿಂಸೆಗೆ ಕೊಡುವ ಲಕ್ಷಣದಲ್ಲಿ ಪ್ರಾಣಹರಣಕ್ಕಿಂತ ಮೊದಲು ಬರುವುದು ಪ್ರಮಾದ, ಅಂದರೆ ಎಚ್ಚರಗೇಡಿತನ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಅದರ ಕೊನೆಯವರೆಗೂ ಎಳೆದು ತೋರಿಸುತ್ತಾರೆ: ಎಚ್ಚರದಿಂದ ನಡೆಯುವವನ ಕಾಲಡಿ ಜೀವವೊಂದು ಸತ್ತರೂ ಅವನಿಗೆ ಹಿಂಸೆಯ ದೋಷ ಅಂಟುವುದಿಲ್ಲ; ಎಚ್ಚರಗೆಟ್ಟವನಿಗೆ ಯಾವ ಜೀವ ಸಾಯದಿದ್ದರೂ ಅಂಟುತ್ತದೆ. ಮುನಿಗಳಿಗೆ ಹೇಳಿದ ಐದು ಸಮಿತಿಗಳಲ್ಲಿ ಮೊದಲನೆಯದಾದ ಈರ್ಯಾ ಸಮಿತಿ ನಡಿಗೆಗೆ ಸಂಬಂಧಿಸಿದ್ದು: ಮುಂದಿನ ನಾಲ್ಕು ಮೊಳ ನೆಲ ನೋಡಿಕೊಂಡು ಹೆಜ್ಜೆಯಿಡು ಎಂಬ ನೇಮ. ಗಾಡಿಯ ಮಾತಿಗೆ ಇದಕ್ಕಿಂತ ಹತ್ತಿರದ ಧರ್ಮಸೂತ್ರ ಇನ್ನೊಂದು ಸಿಗಲಾರದು. ಹೋಸ್ ಬಿಗಿದಿದೆಯೇ ಎಂದು ಒಮ್ಮೆ ಗಾಲಿ ಇಳಿಬಿಟ್ಟು ನೋಡದವನು, ಹಳೆ ಯೂ ಬೋಲ್ಟನ್ನೇ ಮತ್ತೆ ಬಿಗಿದು ಕಳಿಸಿದವನು, ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ನಟ್ಟು ಸಡಿಲಾಗಿದೆಯೇ ಎಂದು ಪಾನಾ ಹಾಕಿ ನೋಡದವನು, ಇವರೆಲ್ಲ ಮುಂದಿನ ನಾಲ್ಕು ಮೊಳ ನೋಡದೆ ನಡೆದವರು. ಗಾಡಿ ಎತ್ತರಿಸಿ ಹತ್ತು ವರ್ಷವಾಯಿತು, ಏನೂ ಆಗಿಲ್ಲ ಎಂಬ ಮಾತಿಗೂ ಅಮೃತಚಂದ್ರರಲ್ಲಿ ಉತ್ತರ ಇದೆ. ಏನೂ ಆಗದಿರುವುದು ಅದೃಷ್ಟದ ಖಾತೆಗೆ ಹೋಗುತ್ತದೆ, ಎಚ್ಚರದ ಖಾತೆಗಲ್ಲ. ಇಬ್ಬರು ಒಂದೇ ಥರ ಅಲಕ್ಷ್ಯ ಮಾಡಿ, ಒಬ್ಬನ ಗಾಡಿ ಮಾತ್ರ ಮಗುಚಿದರೆ, ಮಗುಚದವನು ಹೆಚ್ಚು ಧರ್ಮಿಷ್ಠ ಎನ್ನಲು ಯಾವ ನ್ಯಾಯವೂ ಒಪ್ಪುವುದಿಲ್ಲ.

ಬೌದ್ಧ ಪಕ್ಷವೂ ನಮ್ಮ ಮಾಲೀಕನಿಗೆ ಸುಲಭದ ಬಿಡುಗಡೆ ಕೊಡುವುದಿಲ್ಲ. ಮನಸ್ಸೇ ಮುಖ್ಯ ಎಂದ ಬುದ್ಧನೇ ಎಚ್ಚರವನ್ನು ಎಲ್ಲ ಒಳ್ಳೆಯ ಗುಣಗಳ ಬುಡದಲ್ಲಿಟ್ಟ. ಪರಿನಿರ್ವಾಣಕ್ಕೆ ಮುಂಚೆ ಶಿಷ್ಯರಿಗೆ ಹೇಳಿದ ಕೊನೆಯ ಮಾತೂ ಎಚ್ಚರದಿಂದ ಸಾಧಿಸಿ ಎಂಬ ಅರ್ಥದ್ದೇ. ಅಪಾಯ ಗೊತ್ತಿದ್ದೂ ಕಣ್ಣು ಮುಚ್ಚಿಕೊಂಡರೆ ಆ ಕಣ್ಣು ಮುಚ್ಚುವಿಕೆಯೂ ಮನಸ್ಸಿನ ಕೆಲಸವೇ ಆಯಿತು. ಸನ್ನತಿಯಲ್ಲಿ ಇದಕ್ಕೆ ಕಲ್ಲಿನ ಸಾಕ್ಷಿಯೂ ಇದೆ. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1980ರ ದಶಕದಲ್ಲಿ ಅಶೋಕನ ಶಾಸನದ ಚಪ್ಪಡಿ ಸಿಕ್ಕಿತು; ಅಲ್ಲಿಯವರೆಗೆ ಅದು ದೇವಿಯ ಮೂರ್ತಿಗೆ ಪೀಠವಾಗಿತ್ತು. ಅದಕ್ಕೂ ಮುಂಚೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳ ಭಾಗಗಳು ಈ ಚಪ್ಪಡಿಯ ಮೇಲೂ ಇವೆ. ಆ ಪ್ರತ್ಯೇಕ ಶಾಸನಗಳಲ್ಲಿ ಮೊದಲನೆಯದು ಅಧಿಕಾರಿಗಳನ್ನು ಉದ್ದೇಶಿಸಿದ್ದು. ಜನ ಕಾರಣವಿಲ್ಲದೆ ಸೆರೆಗೂ ಹಿಂಸೆಗೂ ಸಿಲುಕುವುದಕ್ಕೆ ಅಲ್ಲಿ ಅಶೋಕ ಕೊಡುವ ಕಾರಣಗಳಲ್ಲಿ ಸಿಟ್ಟು, ಕ್ರೌರ್ಯಗಳ ಸಾಲಿನಲ್ಲೇ ಆತುರ, ಆಲಸ್ಯ, ದಣಿವುಗಳೂ ಸೇರಿವೆ. ಕೆಟ್ಟ ಮನಸ್ಸು ಬೇಕಿಲ್ಲ, ಅವಸರವೊಂದೇ ಸಾಕು ಎಂಬುದು ಆ ಪಟ್ಟಿಯಿಂದ ಹೊರಡುವ ಅರ್ಥ. ಸಂಜೆಯೊಳಗೆ ಗಾಡಿ ಬೇಕು ಎಂದು ಮಾಲೀಕ ಕೂತಾಗ ಮಿಸ್ತ್ರಿ ಬಿಟ್ಟುಬಿಡುವ ಆ ಕೊನೆಯ ತಪಾಸಣೆ ಇದೇ ಸಾಲಿಗೆ ಸೇರುತ್ತದೆ.

ಹಾಗಾದರೆ ಹೊಣೆ ಹಂಚುವುದು ಹೇಗೆ? ಅರಿವು ಎಷ್ಟಿದೆಯೋ ಹೊಣೆ ಅಷ್ಟು ಎಂಬುದು ನ್ಯಾಯವಾದ ಅಳತೆ. ಪಾಟಾದ ಹದ ಹೋಗಿದೆ ಎಂಬುದು ಮಿಸ್ತ್ರಿಗೆ ಗೊತ್ತು. ಮಾಲೀಕನಿಗೆ ಅರ್ಧಂಬರ್ಧ ಗೊತ್ತು. ಹಿಂದೆ ಕೂತ ಕೂಲಿ ಹೆಂಗಸಿಗೆ, ಎದುರಿನಿಂದ ಸೈಕಲ್ ಮೇಲೆ ಬರುವ ಹುಡುಗನಿಗೆ ಏನೂ ಗೊತ್ತಿಲ್ಲ. ಹೊಣೆ ಈ ಕ್ರಮದಲ್ಲಿ ಇಳಿಯುತ್ತದೆ. ಅಪಘಾತವಾದಾಗ ಪೆಟ್ಟು ಬೀಳುವುದು ಬಹುಪಾಲು ತಿರುಗುಮುರುಗಾದ ಕ್ರಮದಲ್ಲಿ: ಗ್ಯಾರೇಜಿನಲ್ಲಿ ಉಳಿದ ಮಿಸ್ತ್ರಿಗೆ ಏನೂ ಇಲ್ಲ, ಸ್ಟೀರಿಂಗ್ ಹಿಡಿದವನಿಗೆ ಸ್ವಲ್ಪ, ತೆರೆದ ಟ್ರಾಲಿಯಲ್ಲೋ ಚೀಲದ ಮೇಲೋ ಕೂತವರಿಗೆ ಎಲ್ಲ. ತಿಳಿದವನು ಪಾರಾಗಿ ತಿಳಿಯದವನು ತೆರುವ ಈ ವ್ಯವಸ್ಥೆಯನ್ನೇ ನಾನು ಸಾಲ ಎಂದದ್ದು. ಪರಸ್ಪರ ತಿಳಿದು, ಒಪ್ಪಿ ಹಂಚಿಕೊಂಡ ಅಪಾಯ ಬೇರೆ ಮಾತು. ಒಬ್ಬನೇ ತನ್ನ ಹೊಲದ ಬದುವಿನ ಒಳಗೆ, ತನ್ನ ಜೀವವನ್ನಷ್ಟೇ ಪಣಕ್ಕಿಟ್ಟು ಏನು ಮಾಡಿಕೊಂಡರೂ ಅದು ಹೆಚ್ಚೆಂದರೆ ಹುಚ್ಚು ಸಾಹಸ. ಅದೇ ಗಾಡಿ ಊರ ರಸ್ತೆಗೆ ಬಂದ ಕ್ಷಣ ಅದು ಅಧರ್ಮ.

ಶರಣರ ಕಾಯಕದ ತತ್ತ್ವ ಮಿಸ್ತ್ರಿಯನ್ನೂ ಮಾಲೀಕನನ್ನೂ ಒಟ್ಟಿಗೇ ಕೇಳುತ್ತದೆ. ಕಾಯಕವೆಂದರೆ ಹೊಟ್ಟೆಪಾಡು ಎಂದಷ್ಟೇ ತಿಳಿದರೆ ಮಿಸ್ತ್ರಿ, ಗಿರಾಕಿ ಕೇಳಿದ್ದನ್ನು ಮಾಡಿಕೊಟ್ಟೆ, ಮುಂದಿನದು ಅವನ ಪಾಡು ಎಂದು ಕೈತೊಳೆದುಕೊಳ್ಳಬಹುದು. ಕಾಯಕ ಪೂಜೆಗೆ ಸಮ ಎಂದು ನಂಬಿದವನಿಗೆ ಆ ಸೌಲಭ್ಯ ಇಲ್ಲ. ಬಿರಿದ ಪಾಟಾ ಬಿಗಿದು ಕೊಟ್ಟ ಕೈ ಭಿನ್ನವಾದ ಮೂರ್ತಿಗೆ ಹೂವೇರಿಸಿದ ಹಾಗಾಗುತ್ತದೆ ಎಂಬುದು ಅವನಿಗೆ ಗೊತ್ತಿರುತ್ತದೆ. ಮಾಲೀಕನಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ಸಾಕು. ಗಂಡ ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ದಿನವೂ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು ಲಕ್ಕಮ್ಮ. ಅವರಿಗಿಂತ ಬಡವರು ಆ ಕಲ್ಯಾಣದಲ್ಲಿ ಎಷ್ಟು ಮಂದಿ ಇದ್ದಿರಬಹುದು? ಬಡತನ ಅಳತೆಯನ್ನು ಮರೆಯಲು ಕಾರಣವಾಗಲಿಲ್ಲ, ಅಳತೆಯನ್ನು ಇನ್ನೂ ಬಿಗಿ ಮಾಡಿತು. ಹೊಲಕ್ಕೆ ಹೋಗಲು ಎರಡು ಇಂಚು ಬೇಕಾದವನು ಜಾತ್ರೆಯಲ್ಲಿ ನಾಲ್ಕು ಜನ ತಿರುಗಿ ನೋಡಲಿ ಎಂದು ಆರು ಇಂಚು ಎತ್ತಿಸಿದರೆ, ಆ ಮೇಲಿನ ನಾಲ್ಕು ಇಂಚು ಲಕ್ಕಮ್ಮ ವಾಪಸು ಕಳಿಸಿದ ಅಕ್ಕಿಯ ಜಾತಿಗೆ ಸೇರಿದ್ದು. ಕಲಬುರಗಿಯ ಶರಣಬಸವೇಶ್ವರರ ಹೆಸರಿನೊಂದಿಗೆ ಈ ಸೀಮೆಯ ಮನೆಮನೆಗೂ ಗೊತ್ತಿರುವ ದಾಸೋಹದ ಮೌಲ್ಯ ಇದಕ್ಕೆ ತೀರ ಎದುರು. ದಾಸೋಹದಲ್ಲಿ ಮನುಷ್ಯ ತನ್ನಲ್ಲಿರುವುದನ್ನು ಹಂಚುತ್ತಾನೆ. ಇಲ್ಲಿ ಅನುಕೂಲವನ್ನು ತಾನಿಟ್ಟುಕೊಂಡು ಅಪಾಯವನ್ನು ಮಾತ್ರ ಹಂಚುತ್ತಾನೆ.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರದವೂ ಅಲ್ಲ. ಮೊದಲನೆಯದು ಬಡವನ ಕಡೆಯದು: ಲಕ್ಷಾಂತರ ರೂಪಾಯಿಯ ಕಿಟ್ ತರಿಸಿ ಹಾಕಿಸಿಕೊಳ್ಳುವವನು ಸಾಹಸಿ, ಕಮ್ಮಾರನಿಂದ ಪಾಟಾ ಮಾಡಿಸಿಕೊಂಡವನು ಅಪರಾಧಿ, ಇದೆಂಥ ಧರ್ಮ? ಕಾನೂನಿನ ಮಟ್ಟಿಗೆ ಈ ಭೇದ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂಥ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಇಲ್ಲವೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಕಿಟ್ ಹಾಕಿಸಿದವನೂ ಇದರ ಹೊರಗಿಲ್ಲ. ಹಿಡಿಯುವವರು ಯಾರನ್ನು ಹಿಡಿಯುತ್ತಾರೆ, ಯಾರನ್ನು ಬಿಡುತ್ತಾರೆ ಎಂಬ ದೂರು ನಿಜವಿರಬಹುದು; ಅದು ಹಿಡಿಯುವವರ ಪಕ್ಷಪಾತಕ್ಕೆ ಎದುರಾದ ದೂರು, ಬ್ರೇಕಿನ ಪರವಾದ ಅಥವಾ ವಿರುದ್ಧವಾದ ವಾದವಲ್ಲ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಬಡತನದ ಹೆಸರಲ್ಲಿ ವಿನಾಯಿತಿ ಕೇಳುವಾಗ ಇನ್ನೊಂದು ಮಗ್ಗುಲಲ್ಲಿರುವವನು ಯಾರು ಎಂದೂ ನೋಡಬೇಕು. ಟಂಟಂಗಳಲ್ಲಿ, ಕ್ರೂಸರುಗಳಲ್ಲಿ, ಟ್ರ್ಯಾಕ್ಟರಿನ ಟ್ರಾಲಿಗಳಲ್ಲಿ ಕೂತು ಖಣಿಗೂ ಹೊಲಕ್ಕೂ ಹೋಗುವವರು, ಕತ್ತಲಲ್ಲಿ ರಸ್ತೆಯಂಚಿಗೆ ನಡೆದುಹೋಗುವವರು ಗಾಡಿಯ ಮಾಲೀಕನಿಗಿಂತ ಬಡವರು. ಒಬ್ಬ ಬಡವನ ಉಳಿತಾಯಕ್ಕೆ ಅವನಿಗಿಂತ ಬಡವ ಜಾಮೀನು ನಿಲ್ಲುವುದನ್ನು ಬಡತನದ ಪರ ವಾದ ಎನ್ನಲಾಗದು.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು: ಮಿತಿಮೀರಿ ಹೇರಿಕೊಂಡ ಲಾರಿಗಳು ರಸ್ತೆ ಕಿತ್ತುಹಾಕುತ್ತವೆ, ಕಂಪನಿಗಳು ಕಲ್ಲು ಎತ್ತಿ ಲಾಭ ಮಾಡುತ್ತವೆ, ಸರ್ಕಾರ ರಿಪೇರಿ ಮಾಡುವುದಿಲ್ಲ, ಇದೆಲ್ಲ ಬಿಟ್ಟು ನಮ್ಮ ಒಂದು ಜೀಪಿನ ಪಾಟಾದ ಮೇಲೆ ಧರ್ಮಶಾಸ್ತ್ರವೇ? ದೂರಿನಲ್ಲಿ ಹುರುಳಿದೆ. ಮಿತಿಮೀರಿದ ಭಾರಕ್ಕೆ ಅದೇ ಮೋಟಾರು ವಾಹನ ಕಾಯ್ದೆಯ 194ನೇ ಕಲಂ 20,000 ರೂಪಾಯಿ ದಂಡ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ ಹೇಳುತ್ತದೆ. ಅದು ಜಾರಿಯಾಗಬೇಕು ಎಂದು ಕೇಳುವ ಹಕ್ಕು ಈ ಸೀಮೆಯ ಎಲ್ಲರದು. ಆದರೆ ದೊಡ್ಡವನ ತಪ್ಪು ಚಿಕ್ಕವನ ತಪ್ಪನ್ನು ಸರಿ ಮಾಡುವುದಿಲ್ಲ, ಎರಡು ತಪ್ಪುಗಳೂ ಬಂದು ಬೀಳುವುದು ಅದೇ ದಾರಿಹೋಕನ ಮೇಲೆ. ಇದಲ್ಲದೆ ಈ ಆಕ್ಷೇಪ ತನಗೆ ಗೊತ್ತಿಲ್ಲದೆಯೇ ಒಳ್ಳೆಯ ದಾರಿಯೊಂದನ್ನು ತೋರಿಸುತ್ತದೆ. ಕೆಟ್ಟ ರಸ್ತೆಗೆ ಪ್ರತಿಯೊಬ್ಬನೂ ತನ್ನ ತನ್ನ ಗಾಡಿಯನ್ನು ಎತ್ತಿಸಿಕೊಳ್ಳುತ್ತಾ ಹೋದರೆ, ಎತ್ತಿಸಿಕೊಳ್ಳಲು ಆಗದವರು ಮಾತ್ರ ಕೆಸರಿನಲ್ಲಿ ಉಳಿಯುತ್ತಾರೆ. ರಸ್ತೆ ಕೇಳುವ ದನಿ ಕುಗ್ಗುತ್ತದೆ. 2015ರಲ್ಲಿ ಗಣಿ ಕಾಯ್ದೆಗೆ ಬಂದ ತಿದ್ದುಪಡಿಯಿಂದ ಗಣಿಬಾಧಿತ ಊರುಗಳಿಗೆಂದೇ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿವೆ. ಸಂವಿಧಾನದ 371ಜೆ ಕಲಮಿನ ನಂತರ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇದೆ. ಎತ್ತರ ನಿಜವಾಗಿ ಬೇಕಾಗಿರುವುದು ರಸ್ತೆಗೆ, ಅದನ್ನು ಎತ್ತಿಸಲು ದುಡ್ಡಿನ ಬಾಗಿಲುಗಳೂ ಇವೆ.

ಮೂರನೆಯದು ನಂಬಿಕೆಯ ಕಡೆಯಿಂದ ಬರುವ ಆಕ್ಷೇಪ. ಆಯಸ್ಸು ಮುಗಿದರೆ ಮನೆಯ ಹೊಸ್ತಿಲಲ್ಲೂ ಸಾವು ಬರುತ್ತದೆ, ಹಣೆಬರಹ ಗಟ್ಟಿಯಿದ್ದರೆ ಕಂದಕಕ್ಕೆ ಬಿದ್ದವನೂ ಎದ್ದು ಬರುತ್ತಾನೆ, ಆಯುಧಪೂಜೆಯ ದಿನ ಗಾಲಿಯಡಿ ನಿಂಬೆಹಣ್ಣು ಇಟ್ಟು ಗಾಡಿ ಮುಂದೆ ತೆಗೆದಿದ್ದೇವೆ, ದೇವರು ಕಾಯುತ್ತಾನೆ ಎಂದು. ಈ ಮಾತನ್ನು ನಗೆಯಾಡಿ ತಳ್ಳಬೇಕಿಲ್ಲ. ಮನುಷ್ಯನ ಕೈಮೀರಿದ್ದು ಲೋಕದಲ್ಲಿ ಬಹಳ ಇದೆ. ಆದರೆ ಈ ವಾದ ತನ್ನನ್ನೇ ತಾನು ಒಡೆದುಕೊಳ್ಳುತ್ತದೆ. ಗಾಡಿಯ ಹೊಟ್ಟೆಗೆ ಕಲ್ಲು ಬಡಿಯುವುದನ್ನು ಹಣೆಬರಹಕ್ಕೆ ಬಿಡದೆ, ದುಡ್ಡು ಕೊಟ್ಟು ಎತ್ತರಿಸಿದವನು, ಬ್ರೇಕಿನ ಹೋಸಿನ ಮಾತು ಬಂದಾಗ ಮಾತ್ರ ಹಣೆಬರಹವನ್ನು ನೆನೆಯುತ್ತಾನೆ. ತನ್ನ ಸಾಮಾನಿನ ವಿಷಯದಲ್ಲಿ ಪುರುಷಪ್ರಯತ್ನ, ಬೇರೆಯವರ ಜೀವದ ವಿಷಯದಲ್ಲಿ ದೈವೇಚ್ಛೆ: ಇದನ್ನು ಭಕ್ತಿ ಎಂದು ಕರೆಯಲಾಗದು. ಆಯುಧಪೂಜೆಯ ಅರ್ಥವೂ ಬೇರೆಯೇ. ವರ್ಷಕ್ಕೊಮ್ಮೆ ಹತಾರವನ್ನು ತೊಳೆದು, ಒರೆಸಿ, ಎದುರಿಗಿಟ್ಟುಕೊಂಡು ಕೈಮುಗಿಯುವುದರಲ್ಲಿ ಅದನ್ನು ಗಮನವಿಟ್ಟು ನೋಡುವುದೂ ಸೇರಿದೆ. ಅಂದು ಕುಂಕುಮ ಹಚ್ಚುವ ಮೊದಲು ಗಾಡಿಯ ಕೆಳಗೆ ತೂರಿ ಯೂ ಬೋಲ್ಟ್ ಬಿಗಿದು, ಬುಶ್ ಸವೆದಿದೆಯೇ ಎಂದು ನೋಡಿದವನ ಪೂಜೆ ಪೂರ್ತಿಯಾಯಿತು. ಬರೀ ನಿಂಬೆಹಣ್ಣು ಇಟ್ಟವನದು ಅರ್ಧಕ್ಕೇ ನಿಂತಿತು.

ಇಷ್ಟೆಲ್ಲ ಹೇಳಿದ ಮೇಲೆ ದುಡ್ಡಿಲ್ಲದವನಿಗೆ ದಾರಿಯೇ ಇಲ್ಲ ಎಂದಾದರೆ ವಾದ ಸೋತಂತೆ. ದಾರಿ ಇದೆ, ಅದು ಅಗ್ಗವೂ ಹೌದು. ಹಳೆ ಗಾಡಿ ತಗ್ಗಾಗಿ ಕಾಣುವುದಕ್ಕೆ ಬಹಳ ಸಲ ಕಾರಣ ಅದು ಹುಟ್ಟಿನಿಂದ ತಗ್ಗಾಗಿತ್ತು ಎಂದಲ್ಲ, ಪಾಟಾ ಕುಸಿದಿದೆ, ಬುಶ್ ಸವೆದಿದೆ, ಒಂದೆರಡು ಪಟ್ಟಿ ಮುರಿದಿವೆ ಎಂದು. ಅದೇ ಅಳತೆಯ ಹೊಸ ಪಾಟಾ, ಹೊಸ ಬುಶ್, ಹೊಸ ಯೂ ಬೋಲ್ಟ್ ಹಾಕಿಸಿದರೆ ಕಳೆದುಹೋದ ಇಂಚುಗಳು ಹಿಂದಕ್ಕೆ ಬರುತ್ತವೆ. ಅದು ಮಾರ್ಪಾಡಲ್ಲ, ರಿಪೇರಿ, ಕಾನೂನಿಗೂ ಧರ್ಮಕ್ಕೂ ಒಪ್ಪಿತ. ಕಂಪನಿ ಹೇಳಿದ ಅಳತೆಯೊಳಗೆ ಒಳ್ಳೆಯ ಹಲ್ಲಿನ ಟಾಯರ್ ಹಾಕಿಸಬಹುದು. ಕೆಸರಿನಲ್ಲಿ ಗಾಳಿ ಸ್ವಲ್ಪ ಇಳಿಸಿ, ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಿಸಿಕೊಳ್ಳಬಹುದು. ಹೇರು ಕಡಿಮೆ ಮಾಡಬಹುದು, ಇಳಿದು ದಾರಿ ನೋಡಿ ಜಾಡಿನ ದಿಬ್ಬದ ಮೇಲೆ ಗಾಲಿ ಏರಿಸಿ ನಡೆಸಬಹುದು. ಇವುಗಳಲ್ಲಿ ಯಾವುದೂ ನೋಡುವವರ ಕಣ್ಣಿಗೆ ಬೀಳುವುದಿಲ್ಲ, ಜಾತ್ರೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಇವುಗಳ ಖರ್ಚೆಲ್ಲ ಮಾಲೀಕನ ಕಿಸೆಯಿಂದಲೇ ಹೋಗುತ್ತದೆ. ದಾರಿಯಲ್ಲಿ ಹೋಗುವ ಯಾರ ಹೆಸರಿಗೂ ಬಾಕಿ ಬೀಳುವುದಿಲ್ಲ. ಉಳಿತಾಯ ಧರ್ಮವಾಗುವುದು ಆಗ ಮಾತ್ರ.

ಆದ್ದರಿಂದ ಗಾಡಿ ಇಟ್ಟುಕೊಂಡವರಲ್ಲಿ ಕೇಳುವುದು ಇಷ್ಟು: ಕುಸಿದ ಪಾಟಾವನ್ನು ಮೊದಲಿದ್ದ ಎತ್ತರಕ್ಕೆ ತನ್ನಿ, ಅಲ್ಲಿಗೆ ನಿಲ್ಲಿ. ಮಿಸ್ತ್ರಿಗಳಲ್ಲಿ ಕೇಳುವುದು: ಬೆಂಕಿಗೆ ಕೊಟ್ಟ ಪಾಟಾವನ್ನು ಯಾರ ಗಾಡಿಗೂ ಬಿಗಿಯಬೇಡಿ, ಗಿರಾಕಿ ಎಷ್ಟೇ ಗೋಗರೆದರೂ. ಮೊದಲಿದ್ದುದಕ್ಕಿಂತ ಹೆಚ್ಚು ಎತ್ತರ ಬೇಕೇಬೇಕು ಅನ್ನಿಸಿದರೆ, ಮುಂದಿನ ಗ್ರಾಮಸಭೆಗೆ ಹೋಗಿ ರಸ್ತೆ ಕೇಳಿ.